ಬರೀ ಹೊಟ್ಟೆಯ ಬೋಣಿ

ಬೇಗೂರು, ೧೬ ನವೆಂಬರ್, ಭಾನುವಾರ

ಆ ನಾಲ್ಕು ಇಡ್ಲಿ ಇನ್ನೂ ಅರಗಿಲ್ಲ.

ಸಕ್ಕರೆ, ಬಿ.ಪಿ. ಉಚಿತ ತಪಾಸಣಾ ಶಿಬಿರಕ್ಕೆ ಬರೀ ಹೊಟ್ಟೆಯಲ್ಲಿ ಬನ್ನಿ ಎಂದು ಮೂರು ದಿನ ಆಟೋದಲ್ಲಿ ಕೂತು ಮೈಕಿನಲ್ಲಿ ಕೂಗಿದವನು ನಾನೇ. ಬೆಳಿಗ್ಗೆ ಹೆಂಡತಿಯ ಕಣ್ಣು ತಪ್ಪಿಸಿ ಇಡ್ಲಿ ತಿಂದು ಹೋದವನೂ ನಾನೇ. ನಮ್ಮ ಕಡೆ ಮುದ್ದೆ ಉಣ್ಣದಿದ್ದರೆ ಅದು ಊಟವೇ ಅಲ್ಲ, ಇಡ್ಲಿ ಯಾವ ಲೆಕ್ಕ. ಮೇಲಾಗಿ ನಾನು ಶಿಬಿರ ನಡೆಸುವವನು, ರಕ್ತ ಕೊಡುವವನಲ್ಲ.

ಜನ ಬಂದರು, ಆದರೆ ಪರೀಕ್ಷೆಯ ಕುರ್ಚಿಯಲ್ಲಿ ಮೊದಲು ಕೂರಲು ಯಾರೂ ತಯಾರಿಲ್ಲ. ಈರುಳ್ಳಿ ವ್ಯಾಪಾರದ ದೊಡ್ಡಮಲ್ಲಪ್ಪ, "ಬೋಣಿ ನೀವೇ ಮಾಡ್ಬುಡಿ ಮೇಷ್ಟ್ರೇ, ಆಮೇಲೆ ನೋಡನ" ಎಂದ. ಕೂತೆ. "ಏನೂ ತಿಂದಿಲ್ಲ ತಾನೇ?" ಎಂದಳು ನರ್ಸ್ ಭಾನು. ಅಷ್ಟು ಜನರೆದುರು "ಇಲ್ಲ" ಎಂದುಬಿಟ್ಟೆ.

ಸಕ್ಕರೆ ಇನ್ನೂರ ಎಂಬತ್ತು!

"ಮೇಷ್ಟ್ರಿಗೇ ಇಷ್ಟಿದ್ರೆ ನಮ್ಗೆಷ್ಟಿರ್ಬೇಕು ಕಣ್ಲಾ!" ಎಂದು ಪಕ್ಕದವನಿಗೆ ಹೇಳುತ್ತಾ ದೊಡ್ಡಮಲ್ಲಪ್ಪ ಗಾಬರಿಯಲ್ಲಿ ಬಂದು ಕುರ್ಚಿಯಲ್ಲಿ ಕೂತ. ಹಿಂದೆಯೇ ಸಾಲು ಬೆಳೆಯಿತು. ಅವನಿಗೆ ಬಿ.ಪಿ. ವಿಪರೀತ ಇರುವುದು ಇವತ್ತೇ ಗೊತ್ತಾಗಿ, ಇವತ್ತೇ ಮಾತ್ರೆಯೂ ಶುರುವಾಯಿತು. ಹೋಗುವಾಗ ನನಗೆ ಕೈಮುಗಿದ. ಇಡ್ಲಿಯ ವಿಷಯ ಬಾಯಿಗೇ ಬರಲಿಲ್ಲ.

ಸಂಜೆ ಭಾನು ಹತ್ತಿರ ಗುಟ್ಟಾಗಿ ಒಪ್ಪಿಕೊಂಡೆ. ಬೈದು, ಹಾಗಾದರೆ ಏನೂ ಇಲ್ಲ ಹೋಗಿ ಅನ್ನುತ್ತಾಳೆ ಎಂದುಕೊಂಡಿದ್ದೆ.

"ಇಡ್ಲಿ ತಿಂದ್ರೂ ಇಷ್ಟು ಬರ್ಬಾರ್ದು ಸಾರ್. ಈಗ್ಲೇ ಗೊತ್ತಾಯ್ತಲ್ಲ, ಪುಣ್ಯ. ನಾಳೆ ನಿಜವಾಗ್ಲೂ ಬರೀ ಹೊಟ್ಟೇಲಿ ಆಸ್ಪತ್ರೆಗೆ ಬನ್ನಿ."

ಹೆಂಡತಿ ದಾನೇಶ್ವರಿ ಅಡುಗೆಮನೆಗೆ ಬೀಗ ಹಾಕಿ, ಕೀಲಿಯನ್ನು ಸೆರಗಿಗೆ ಗಂಟು ಹಾಕಿಕೊಂಡು ಮಲಗಿದ್ದಾಳೆ. ಮೂರು ದಿನ ನಾನು ಕೂಗಿದ್ದನ್ನು ಈ ಮನೆಯಲ್ಲಿ ಸರಿಯಾಗಿ ಕೇಳಿಸಿಕೊಂಡವಳು ಅವಳೊಬ್ಬಳೇ.