ಇಬ್ಬರಿಗೂ ಒಂದೇ ತೊಟ್ಟಿ

ಬುಧವಾರ, ಬೆಳಿಗ್ಗೆ

ಗುಬ್ಬೀ,

ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿನ್ನ ದನಿ ಕೇಳಿದರೆ ಅರ್ಧದಲ್ಲೇ ಮಾತು ತಿರುಗಿಸಿಬಿಡುತ್ತೇನೆ. ನಿನ್ನ ಅಕ್ಕನ ಬುದ್ಧಿ ನಿನಗೆ ಗೊತ್ತು. ಹಾಲಿನ ವ್ಯಾನಿನವನ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ. ನಿನ್ನ ಯಜಮಾನರ ಉಸಿರಾಟ ಹೇಗಿದೆ? ಆಸ್ಪತ್ರೆಯಿಂದ ಬಂದ ಮೇಲೆ ಮೆಟ್ಟಿಲು ಹತ್ತುತ್ತಿದ್ದಾರೆಯೇ?

ನಿನ್ನೆ ಪರಿಹಾರದ ಅರ್ಜಿಗಳನ್ನು ಪರಿಶೀಲಿಸುವ ಅಧಿಕಾರಿ ಬಂದಿದ್ದರು. ನಿನ್ನದು, ನನ್ನದು ಎರಡನ್ನೂ ನಮ್ಮ ಊಟದ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು. ಎರಡು ಫೋಟೊಗಳಲ್ಲೂ ಕೊಳೆತ ಎಲೆಕೋಸಿನ ಅದೇ ಸಾಲು, ಹಿಂದೆ ಅದೇ ಬಿರುಕು ಬಿಟ್ಟ ನೀರಿನ ತೊಟ್ಟಿ. ಒಂದರಲ್ಲಿ ನೀನು ನಿಂತಿದ್ದೀಯ, ಇನ್ನೊಂದರಲ್ಲಿ ನಾನು. ‘ಇಬ್ಬರಿಗೂ ಒಂದೇ ತೊಟ್ಟೀನಾ ಮೇಡಂ?’ ಎಂದು ನಕ್ಕರು. ನನಗೂ ನಗು ಬಂತು, ಹೆದರಿಕೆಯ ನಗು.

ಕಾಯಿಲೆಯ ಕಾಲದಲ್ಲಿ ಮಾರುಕಟ್ಟೆ ಮುಚ್ಚಿ, ಬೆಳೆ ಹೊಲದಲ್ಲೇ ಕೊಳೆತವರಿಗೆ ಸರ್ಕಾರ ಹಣ ಕೊಟ್ಟಿತು. ಗಂಡ ಅದೇ ಕಾಯಿಲೆಯಿಂದ ಮಲಗಿದ್ದಕ್ಕೆ ಸಸಿ ನೆಡಲೇ ಆಗದ ನಿನ್ನಂಥವಳಿಗೆ ಆ ಅರ್ಜಿಯಲ್ಲಿ ಒಂದು ಗೆರೆಯಷ್ಟು ಜಾಗವೂ ಇರಲಿಲ್ಲ. ಆ ಸಿಟ್ಟಿನಲ್ಲೇ ನಿನ್ನನ್ನು ನನ್ನ ಹೊಲಕ್ಕೆ ಎಳೆದುಕೊಂಡು ಹೋದೆ. ‘ಯಾರ ಕೋಸು ಅಂತ ಅದರ ಮುಖದ ಮೇಲೆ ಬರೆದಿರುತ್ತಾ? ಸುಮ್ನೆ ನಿಂತ್ಕೊಳೇ’ ಎಂದೆ. ನನ್ನ ಅರ್ಜಿಗೆ ಬೇರೆ ಮೂಲೆಯ ಫೋಟೊ ತೆಗೆಯಬೇಕೆಂದು ಮಾತ್ರ ಈ ಎಂ.ಎ. ತಲೆಗೆ ಹೊಳೆಯಲಿಲ್ಲ.

ಅಪ್ಪನ ಜಮೀನು ಇನ್ನೂ ನಮ್ಮಿಬ್ಬರ ಹೆಸರಿನಲ್ಲೇ ಇದೆಯಲ್ಲ, ಹಾಗಾಗಿ ಕೋಸು ಬೆಳೆದವರು ಯಾರೆಂಬುದು ಅವರಿಗೆ ದಾಖಲೆಯಿಂದ ತಿಳಿಯಲಿಲ್ಲ. ನನ್ನನ್ನೇ ಕೇಳಿದರು. ನಿನ್ನ ಹೆಸರು ಹೇಳಬೇಕೆಂದೇ ಬಾಯಿ ತೆರೆದೆ, ನಂಬು. ಅಷ್ಟರಲ್ಲಿ ಅವರು ಫೋಟೊ ಕಣ್ಣಿನ ಹತ್ತಿರ ಹಿಡಿದು, ‘ಯಾರೇ ಬೆಳೆದಿರಲಿ, ಸರಿಯಾಗಿ ನೋಡ್ಕೊಂಡಿಲ್ಲ ಬಿಡಿ. ಹುಳ ಬಿದ್ದಿರೋ ಹಾಗಿದೆ’ ಎಂದರು.

ಹುಳವಂತೆ! ದಿನಾ ಬೆಳಕು ಹರಿಯುವ ಮೊದಲೇ ಹೋಗಿ, ಒಂದೊಂದು ಎಲೆಯನ್ನೂ ಮಗುಚಿ ನೋಡಿ, ಕೈಯಿಂದ ಹುಳ ಆರಿಸಿದ ಬೆಳೆ ಅದು. ‘ನನ್ನ ಬೆಳೆಯಲ್ಲಿ ಒಂದೇ ಒಂದು ಹುಳ ಇರಲಿಲ್ಲ’ ಎಂದುಬಿಟ್ಟೆ. ಅವರು ಪೆನ್ನಿನ ಮುಚ್ಚಳ ತೆಗೆದರು.

ಹಣದ ಆಸೆಗೆ ಹೇಳಿದ್ದಲ್ಲ. ಆದರೆ ಹೇಳಿದ ಆ ಗಳಿಗೆಯಲ್ಲಿ ಮನಸ್ಸಿಗೆ ಹಾಯೆನಿಸಿತು, ಗುಬ್ಬಿ. ನಿನ್ನೆಯಿಂದ ನನ್ನನ್ನು ಕೊರೆಯುತ್ತಿರುವುದು ಅದೇ.

ನಾಳೆ ಹತ್ತು ಗಂಟೆಗೆ ಅವರು ನಿಮ್ಮ ಮನೆಗೆ ಬರುತ್ತಾರೆ. ನಿನಗೆ ಕೊಟ್ಟ ಪರಿಹಾರದ ಹಣವನ್ನು ವಾಪಸು ಕೇಳುತ್ತಾರೆ. ಅದನ್ನು ನಾನು ಕಟ್ಟುತ್ತೇನೆ. ಸುಳ್ಳು ಅರ್ಜಿ ಹಾಕಿದವರ ಮೇಲೆ ಕೇಸು ಆಗುತ್ತದೆ ಎಂದೂ ಹೇಳಿ ಹೋದರು. ಅದಕ್ಕೆ ಏನು ಮಾಡಬೇಕೋ ತೋಚುತ್ತಿಲ್ಲ. ಬೈಯಬೇಕೆನಿಸಿದರೆ ಹೊಟ್ಟೆ ತುಂಬ ಬೈ. ಮಾತು ಮಾತ್ರ ಬಿಡಬೇಡ.

ನಿನ್ನ ಅಕ್ಕ

ಸಹಿ ಹಾಕಿದ ಮೇಲೆ ಇನ್ನೊಂದು ಮಾತು. ಮರೆತಿದ್ದೆ ಎಂದು ಬರೆಯಹೊರಟಿದ್ದೆ, ಮರೆತಿರಲಿಲ್ಲ. ‘ಬೇಡ ಅಕ್ಕಾ, ಭಯ ಆಗುತ್ತೆ’ ಎಂದು ನೀನು ಎರಡು ಸಲ ಹೊಲದಿಂದ ಹೊರಟುಬಿಟ್ಟಿದ್ದೆ. ಅರ್ಜಿ ತುಂಬಿದ್ದೂ ನಾನೇ, ನಿನ್ನ ಸಹಿ ಹಾಕಿದ್ದೂ ನಾನೇ. ‘ಇದರಲ್ಲಿ ನಿಮ್ಮ ಕೈವಾಡ ಏನಾದ್ರೂ ಇದೆಯಾ?’ ಎಂದು ಅಧಿಕಾರಿ ಕೇಳಿದಾಗ, ‘ತಂಗೀನೇ ಕೇಳಿ’ ಎಂದೆ. ನಾಳೆ ಅವರು ಬಂದಾಗ ಬೇರೆ ಏನೂ ಹೇಳಬೇಡ. ಈ ಕಾಗದ ಅವರ ಕೈಗೆ ಕೊಡು.