ಹಗ್ಗದ ಮೇಲಿನ ಬಟ್ಟೆ

ನವೆಂಬರ್ ೧೪, ಗುರುವಾರ

ಮುಂಗೋನ ಮೇಲಿನ ಸಿಟ್ಟು ಈಗಷ್ಟೇ ಇಳಿಯಿತು. ನಾವಿಬ್ಬರೂ ಸೇರಿ ಸಿದ್ಧಪಡಿಸುತ್ತಿರುವ ನಮ್ಮೂರ ಹಳೆಯ ಫೋಟೋಗಳ ಪ್ರದರ್ಶನದಲ್ಲಿ ಒಂದು ಫೋಟೋಗೆ ಅವನು ಬರೆದಿದ್ದ ಅಡಿಬರಹ ಇದು: 'ದೋಣಿಗಳು ಮುಳುಗಿದ ಭಾನುವಾರ, ಬಂದರಿನಲ್ಲಿ ಅಳುತ್ತಿರುವ ಹೆಂಗಸರು.' ಫೋಟೋದ ನಡುವೆ ಏಪ್ರನ್ನಿನಿಂದ ಮುಖ ಮುಚ್ಚಿಕೊಂಡು ನಿಂತವಳು ನನ್ನ ಅಜ್ಜಿ ಎಲ್ಸ್‌ಪೆತ್.

"ಹಿಂದುಗಡೆ ನೋಡೋ, ಹಗ್ಗದ ತುಂಬ ಒಗೆದ ಬಟ್ಟೆ," ಎಂದೆ.

"ಇದ್ರೇನೀಗ? ಗಾಳಿ ಚೆನ್ನಾಗಿತ್ತೇನೋ."

"ಭಾನುವಾರ ದೇವರ ದಿನ, ಕೆಲಸ ಮಾಡೋ ಹಾಗಿಲ್ಲ; ಒಂದು ಕರವಸ್ತ್ರ ಒಣಹಾಕಿದ್ರೂ ಪಾದ್ರಿ ಬಾಗಿಲಿಗೇ ಬಂದು ಬೈತಿದ್ದ ಕಣೋ! ಇದು ಸೋಮವಾರ, ಒಗೆಯೋ ದಿನ. ಮುಳುಗಿದ ದಿನವೇ ಅಲ್ಲ."

ಮುಂಗೋ ಗೊಣಗುತ್ತಲೇ ಭೂತಗನ್ನಡಿ ತಂದ. ಅಜ್ಜಿಯ ಪಕ್ಕದ ಇಬ್ಬರ ಹಲ್ಲು ಕಾಣುತ್ತಿತ್ತು. ದಡದಲ್ಲಿ ಪಾದ್ರಿ ಬರಿತಲೆಯಲ್ಲಿ ನಿಂತಿದ್ದ.

"ಅಯ್ಯೋ, ನೀರಲ್ಲಿ ತೇಲ್ತಿರೋದು ಅವನ ಟೋಪಿ ಕಣೆ!" ಎಂದ ಮುಂಗೋ. "ಗಾಳಿ ಚೆನ್ನಾಗಿತ್ತು ಅಂತ ನಾನು ಹೇಳ್ಲಿಲ್ವಾ?"

ಹೊಸ ಅಡಿಬರಹ ನಾನೇ ಬರೆದೆ. ಅದರಲ್ಲಿ ಅವನು ಒಂದಕ್ಷರವನ್ನೂ ತಿದ್ದಲಿಲ್ಲ.

ಇದೇ ಫೋಟೋದ ನಮ್ಮ ಮನೆಯ ಪ್ರತಿಗೆ ಅಮ್ಮ ಶೋಕದ ಕಪ್ಪು ಪಟ್ಟಿ ಕಟ್ಟಿ ಹಜಾರದಲ್ಲಿ ತೂಗುಹಾಕಿದ್ದಳು. ಅದರ ಮುಂದೆ ನಾವು ಮಕ್ಕಳು ದನಿ ಎತ್ತುವಂತಿರಲಿಲ್ಲ. ಇವತ್ತು ಪಟ್ಟಿ ಬಿಚ್ಚಿ, ಅಡುಗೆಮನೆಗೆ ತಂದು, ಒಲೆಯ ಮೇಲೆ ನೇತುಹಾಕಿದ್ದೇನೆ. ಕಣ್ಣು ಎಳೆಯುತ್ತಿದೆ, ಮಲಗಬೇಕು. ಆದರೆ ಅಜ್ಜಿ ಇನ್ನೂ ಏಪ್ರನ್ ಕೆಳಗಿಳಿಸಿಲ್ಲ, ನಗು ನಿಂತರೆ ತಾನೇ ಇಳಿಸುವುದು!