ಮೇಜಿನ ಅಡಿಯ ಗುರುತು

ಪ್ರೀತಿಯ ಖಾದರ್ ಭಾಯ್,

ನೀವು ತೀರಿಕೊಂಡ ನಲವತ್ತನೆಯ ದಿನದ ಫಾತಿಹಾ ಮುಗಿದು ಹದಿನೈದು ದಿನವೂ ಆಗಿರಲಿಲ್ಲ. ಹೋದ ವರ್ಷದ ಬೇಸಿಗೆಯಲ್ಲಿ, ವಾಚನಾಲಯಕ್ಕೆ ರಜೆಯಿದ್ದ ದಿನ ನೋಡಿಕೊಂಡು, ನೀವು ಮಾಡಿದ ಎಂಟು ತೇಗದ ಮೇಜುಗಳನ್ನು ಲಾರಿಗೆ ಹೇರಿ ಸಾಗಿಸಿಬಿಟ್ಟರು. ಮರುದಿನ ಬೆಳಿಗ್ಗೆ ಪೇಪರ್ ಓದಲು ಹೋದ ನನಗೆ ಕಂಡದ್ದು ಬಿಳಿ ಹೊಳಪಿನ, ಮರದ ಪುಡಿ ಒತ್ತಿ ಮಾಡಿದ ಮೇಜುಗಳು. ಮೊಣಕೈ ಊರಿದರೆ ಅಲುಗಾಡುತ್ತವೆ. ಹಳೆಯವು ಎಲ್ಲಿ ಎಂದು ಕೇಳಿದೆ. ಗೆದ್ದಲು ಹಿಡಿದಿತ್ತು, ಸುಟ್ಟುಹಾಕಿದೆವು ಎಂದರು ಕಾರ್ಯದರ್ಶಿಗಳು. ನಿಮ್ಮ ತೇಗಕ್ಕೆ ಗೆದ್ದಲೇ? ನೀವು ಬದುಕಿದ್ದಿದ್ದರೆ ಆ ಮಾತು ಅವರ ಬಾಯಿಂದ ಬರುತ್ತಿತ್ತೇ?

ಆ ಮೇಜುಗಳನ್ನು ನೀವು ಮಾಡುತ್ತಿದ್ದಾಗ ನಾನು ಶಾಲೆಯಲ್ಲಿ ಪಾಠ ಮುಗಿಸಿದೊಡನೆ ಯಲಹಂಕದ ನಿಮ್ಮ ಶೆಡ್ಡಿಗೆ ಬಂದು ಕೂರುತ್ತಿದ್ದೆ. ವಾಚನಾಲಯದ ಸಮಿತಿಯಲ್ಲಿ ಆಗ ನಾನೂ ಒಬ್ಬ. ಬಡಾವಣೆಯವರು ಮನೆಮನೆಯಿಂದ ಕೊಟ್ಟ ಚಂದಾದಲ್ಲಿ ಮರ ಬಂದಿತ್ತು. ಎಲ್ಲ ಬಡಗಿಗಳೂ ಮೇಲ್ಮೈಯಿಂದ ಶುರುಮಾಡಿದರೆ ನೀವು ಮೊದಲು ರಂದಾ ಹೊಡೆದು ಸಮ ಮಾಡುತ್ತಿದ್ದದ್ದು ಯಾರ ಕಣ್ಣಿಗೂ ಬೀಳದ ಕೆಳಮುಖವನ್ನು. ಹಲಗೆಯ ಎರಡು ತುದಿಗೆ ಎರಡು ನೇರ ಕಡ್ಡಿ ಇಟ್ಟು, ಕುಕ್ಕರಗಾಲಲ್ಲಿ ಕೂತು, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದಿರಿ. ಎರಡೂ ಕಡ್ಡಿ ಒಂದೇ ಗೆರೆಗೆ ಬಂದರೆ ಹಲಗೆಯಲ್ಲಿ ತಿರುಚು ಇಲ್ಲ ಎಂದರ್ಥ. ಆಗ ಮಾತ್ರ ಸೀಸದ ಕಡ್ಡಿಯಿಂದ ಅಲ್ಲೊಂದು ಉರ್ದು ಅಕ್ಷರ, ‘ಸ್ವಾದ್’. ಸರಿಯಿದೆ ಎಂಬುದಕ್ಕೆ ನಿಮ್ಮ ತಂದೆ ಹಾಕುತ್ತಿದ್ದ ಗುರುತು. ಯಾರೂ ನೋಡದ ಕಡೆಗೆ ಇಷ್ಟೊಂದು ಕಷ್ಟ ಯಾಕೆ ಎಂದು ಕೇಳಿದ್ದೆ. “ಮೇಲ್ಗಡೆ ಓದೋರು ನೀವು ನೋಡ್ತೀರ. ಕೆಳಗಡೆ ನೆಲ ಒರೆಸೋ ಅಮ್ಮ ನೋಡ್ತಾರೆ ಮೇಷ್ಟ್ರೇ. ಆಯಮ್ಮ ನನ್ನ ಬೈಬಾರ್ದು, ಅಷ್ಟೆ” ಅಂದಿರಿ.

ಯಲಹಂಕದ ಪಕ್ಕದ ಕೋಗಿಲಿನ ಹಳೇ ಮರದ ಯಾರ್ಡಿಗೆ ನಸೀಮಾ ನನ್ನನ್ನು ಕರೆದುಕೊಂಡು ಹೋದದ್ದು ಈ ಮಳೆಗಾಲ ಕಳೆದ ಮೇಲೆ. ನಿಮ್ಮ ಮಗಳು ಶೆಡ್ಡಿಗೆ ಬೀಗ ಹಾಕಲಿಲ್ಲ ಭಾಯ್. ಒಡೆದ ಮನೆಗಳ ಬಾಗಿಲು, ಚೌಕಟ್ಟು ಕೊಂಡು ತಂದು ಸ್ಟೂಲು, ಕಪಾಟು ಮಾಡಿಕೊಡುತ್ತಾಳೆ. ಅಂದು ಒಂದು ರಾಶಿಯಲ್ಲಿ ಹಲಗೆ ಎಳೆದು ಮಗುಚಿದವಳು ಹಾಗೇ ನಿಂತುಬಿಟ್ಟಳು. “ಮೇಷ್ಟ್ರೇ, ಇದು ಅಬ್ಬಾ ಕೈ.” ಮಸುಕಾಗಿತ್ತು, ಆದರೆ ನಿಮ್ಮ ಸ್ವಾದ್ ಅಲ್ಲಿತ್ತು. ಹುಡುಕಿದಾಗ ಇನ್ನೂ ಮೂರು ಸಿಕ್ಕವು. ಇನ್ನೊಂದು ಮುಖದಲ್ಲಿ ಓದುಗರು ಚೆಲ್ಲಿದ ಶಾಯಿ, ಪರೀಕ್ಷೆಗೆ ಓದುತ್ತ ಯಾರೋ ಕೊರೆದ ಹೆಸರು. ಲಾರಿಯಲ್ಲಿ ಬಂದದ್ದು, ಮಿಕ್ಕಿದ್ದೆಲ್ಲ ಯಾವಾಗಲೋ ಹೋಯಿತು ಎಂದ ಯಾರ್ಡಿನವನು. ಸುಟ್ಟ ಮೇಜು ಕೋಗಿಲಿಗೆ ನಡೆದುಕೊಂಡು ಬಂತೇ?

ಸಮಿತಿಗೆ ನಾನು ಪತ್ರ ಬರೆದೆ. ನನ್ನ ಪತ್ರಗಳ ಬಗ್ಗೆ ನೀವು ನಗುತ್ತಿದ್ದಿರಿ, ಮೇಷ್ಟ್ರ ರಂದಾ ಎಂದರೆ ಪೆನ್ನು ಎಂದು. ಗೆದ್ದಲು ಹಿಡಿದಿದ್ದರಿಂದ ಸುಡಲಾಯಿತು ಎಂದು ಉತ್ತರ ಬಂತು. ಹಲಗೆ ಸಿಕ್ಕಿದೆ, ಬಂದು ನೋಡಿ ಎಂದು ಮತ್ತೆ ಬರೆದೆ. ಎರಡನೆಯ ಉತ್ತರದಲ್ಲಿ ತಾರೀಖು ಬಿಟ್ಟರೆ ಒಂದು ಅಲ್ಪವಿರಾಮವೂ ಬದಲಾಗಿರಲಿಲ್ಲ.

ಶೆಡ್ಡಿಗೆ ತಂದು ಕಡ್ಡಿ ಇಟ್ಟು ನೋಡಿದಾಗ ನಾಲ್ಕೂ ಹಲಗೆ ತಿರುಚಿಕೊಂಡಿದ್ದವು. ವರ್ಷಕ್ಕೂ ಹೆಚ್ಚು ಬಿಸಿಲು, ಮಳೆ. ಅವನ್ನು ಮತ್ತೆ ಮೇಜು ಮಾಡಿ ವಾಚನಾಲಯಕ್ಕೇ ಒಯ್ಯಬೇಕು ಎಂಬುದು ನಸೀಮಾಳ ಆಸೆ. ಹೇಗಿದ್ದರೂ ಅವಳಿಗೊಂದು ಮಿಷನ್ ಬೇಕಿತ್ತು. ದಿನವಿಡೀ ರಂದಾ ತಳ್ಳಿ ಭುಜ ನೋಯುತ್ತಿತ್ತು. ಆದರೆ ನಿಮ್ಮ ಶೆಡ್ಡು ನಿಮಗೆ ಗೊತ್ತಲ್ಲ, ಒಂದು ಮಿಷನ್ ಇಟ್ಟರೆ ಎರಡನೆಯದು ಬೀದಿಯಲ್ಲಿ. ಜಾಯಿಂಟರ್ ತರಬೇಕೋ ಪ್ಲೇನರ್ ತರಬೇಕೋ? ಇದೇ ಪ್ರಶ್ನೆ ಹೊತ್ತು, ಮೊಳೆ ಕಿತ್ತ ಒಂದು ಹಲಗೆಯನ್ನೂ ಹೊತ್ತು, ಯಶವಂತಪುರದ ಮಿಷನ್ ಅಂಗಡಿಗೆ ಹೋದೆವು.

ಅಂಗಡಿಯವರು ಮಾತಾಡಿದ್ದೆಲ್ಲ ನನ್ನ ಜೊತೆ. ಯಾವ ಮೋಟರು, ಎಷ್ಟು ಅಗಲ, ಮಿಷನ್ ನಡೆಸುವವರು ಯಾರು ಎಂದು ನನ್ನನ್ನೇ ಕೇಳಿದರು. “ಇವ್ರಿಗೆ ಮೊಳೆ ಹೊಡಿಯೋಕೂ ಬರಲ್ಲ. ನನ್ನತ್ರ ಮಾತಾಡಿ” ಎಂದಳು ನಸೀಮಾ. ಅವರಿಗಿಂತ ಹೆಚ್ಚು ನಕ್ಕವನು ನಾನು. ಎರಡಕ್ಕೂ ಏನು ವ್ಯತ್ಯಾಸ ಎಂಬುದು ನನಗೆ ತಿಳಿದದ್ದೇ ಅಲ್ಲಿ. ಜಾಯಿಂಟರಿನಲ್ಲಿ ಬ್ಲೇಡು ಕೆಳಗಿರುತ್ತದೆ. ಅದರ ಉದ್ದನೆಯ ಮೇಜಿನ ಮೇಲೆ ಹಲಗೆಯನ್ನು ಕೈಯಾರೆ ತಳ್ಳುತ್ತ ಹೋದರೆ ಅಡಿಯ ಮುಖ ಉಬ್ಬು ಕಳೆದುಕೊಂಡು ಸಮವಾಗುತ್ತದೆ. ಪ್ಲೇನರಿನಲ್ಲಿ ಬ್ಲೇಡು ಮೇಲೆ. ರೋಲರುಗಳು ಹಲಗೆಯನ್ನು ಒತ್ತಿ ಹಿಡಿದು ಎಳೆದುಕೊಳ್ಳುತ್ತವೆ, ದಪ್ಪ ಎಲ್ಲೆಡೆ ಒಂದೇ ಆಗುತ್ತದೆ. ಮೊದಲು ಪ್ಲೇನರ್ ತಗೊಳ್ಳಿ, ಕೆಲಸ ಬೇಗ, ಹೊಳಪು ಜಾಸ್ತಿ ಎಂದರು ಅಂಗಡಿಯವರು.

ಆಮೇಲೆ ನಡೆದದ್ದನ್ನು ನಿಮಗೆ ಹೇಗೆ ಬರೆಯಲಿ... ನಸೀಮಾ ಅಂಗಡಿಯ ಆಚೆ ಮೂಲೆಯಲ್ಲಿ ಜಾಯಿಂಟರಿನ ಬ್ಲೇಡಿಗೆ ಕೈ ಕಾಯುವ ಮುಚ್ಚಳ ಇದೆಯೇ ಎಂದು ನೋಡುತ್ತಿದ್ದಳು. ಪ್ಲೇನರಿಗೆ ನೀವು ತಂದ ಹಲಗೆಯನ್ನೇ ಹಾಕಿ ನೋಡಿ ಸಾರ್ ಎಂದರು ಅಂಗಡಿಯವರು. ಶಾಯಿ, ಹೆಸರು ಇದ್ದ ಮುಖ ಕೆಡಬಾರದು ಎಂದುಕೊಂಡು ಅದನ್ನು ಕೆಳಗೆ ಮಾಡಿ ಕೊಟ್ಟೆ. ಬ್ಲೇಡು ಮೇಲಿದೆ ಎಂದು ಆಗಷ್ಟೇ ಕೇಳಿದ್ದವನು ನಾನು, ಮೇಲಾದ ಮುಖದಲ್ಲಿ ನಿಮ್ಮ ಗುರುತಿದೆ ಎಂಬುದೇ ನೆನಪಿಗೆ ಬರಲಿಲ್ಲ. ಹಲಗೆ ಆಚೆ ಬಂದಾಗ ಕನ್ನಡಿಯಂತಿತ್ತು. ನಿಮ್ಮ ಸ್ವಾದ್ ಮರದ ಹೊಟ್ಟಿನ ಚೀಲದಲ್ಲಿತ್ತು.

ನಸೀಮಾ ಬಂದು ಹಲಗೆ ನೋಡಿದಳು, ನನ್ನ ಮುಖ ನೋಡಿದಳು. “ಕಮಿಟಿಯೋರಿಗೆ ಲಾರಿ ಬೇಕಾಯ್ತು. ನಿಮ್ಗೆ ಅರ್ಧ ನಿಮಿಷ ಸಾಕಾಯ್ತಲ್ಲ ಮೇಷ್ಟ್ರೇ.” ಸಿಟ್ಟಿನಿಂದಲ್ಲ, ಮೆಲ್ಲಗೆ. ತನ್ನ ಹೆಗಲ ಚೀಲದಿಂದ ನಿಮ್ಮ ಎರಡು ಕಡ್ಡಿ ತೆಗೆದು ಹಲಗೆಯ ತುದಿಗಳಿಗಿಟ್ಟು ಬಗ್ಗಿದಳು. ತಿರುಚು ಹಾಗೇ ಇತ್ತು. ರೋಲರು ಒತ್ತಿದಾಗ ಚಪ್ಪಟೆಯಾಗಿದ್ದು, ಬಿಟ್ಟೊಡನೆ ಮತ್ತೆ ತಿರುಚಿಕೊಂಡಿತ್ತು. ಕಸ್ಟಮರ್ ಹೊಳಪು ನೋಡುತ್ತಾರೆ, ಕಡ್ಡಿ ಇಟ್ಟು ಯಾರು ನೋಡುತ್ತಾರೆ ಮೇಡಂ ಎಂದರು ಅಂಗಡಿಯವರು. “ನಮ್ಮ ಅಬ್ಬಾ ನೋಡ್ತಿದ್ರು” ಎಂದಳು.

ವಾಪಸು ಬರುವಾಗ ಬಸ್ಸಿನಲ್ಲಿ ಆ ಹಲಗೆ ನಮ್ಮಿಬ್ಬರ ಮೊಣಕಾಲ ಮೇಲಿತ್ತು. ಸಮಿತಿಯ ಎರಡನೆಯ ಉತ್ತರ ನೆನಪಾಯಿತು. ಅದೂ ಈ ಹಲಗೆಯಂತೆಯೇ, ಕೆಳಗಿನ ಸುಳ್ಳಿನ ಮೇಲೊಂದು ಹೊಳಪು. ನಾನು ಮಾಡಿದ್ದಾದರೂ ಬೇರೆಯೇ? ಸಾಕ್ಷಿಯನ್ನು ನಾನೇ ಹೊತ್ತೊಯ್ದು ನಾನೇ ಕೆರೆದುಹಾಕಿದ್ದೆ. ಹೆಬ್ಬಾಳ ದಾಟಿದ ಮೇಲೆ ನಸೀಮಾ ತನ್ನ ತೀರ್ಮಾನ ಹೇಳಿದಳು. ಜಾಯಿಂಟರೇ ತರುವುದು, ಎಂಟಿಂಚು ಅಗಲದ್ದು, ಉದ್ದ ಮೇಜಿನದು. ದಪ್ಪ ಒಂದೇ ಮಾಡಬೇಕಾದ ಕೆಲಸ ಬಂದರೆ ಚಿಕ್ಕಬಾಣಾವರದ ಮರ ಕೊಯ್ಯುವ ಸಾಮಿಲ್ಲಿಗೆ ಒಯ್ಯಬಹುದು, ಇಲ್ಲವೇ ಅಬ್ಬಾನ ರಂದಾ ಇದೆ. ಆದರೆ ಉಳಿದ ಮೂರು ಹಲಗೆಯ ಕೆಳಮುಖಕ್ಕೆ ಮಿಷನ್ ತಾಗಿಸುವುದಿಲ್ಲ.

ಹೋದ ವಾರ ಜಾಯಿಂಟರ್ ಬಂತು ಭಾಯ್. ನಿಮ್ಮ ಕೊಡತಿ, ಉಳಿಗಳಿದ್ದ ಮೂಲೆ ತೆರವು ಮಾಡಿ ಕೂರಿಸಿದ್ದಾಳೆ. ಬ್ಲೇಡಿನ ಮುಚ್ಚಳ ಹಾಗೇ ಇದೆ, ಬಿಚ್ಚಿ ಎಸೆಯಲು ಯಾರಿಗೂ ಬಿಟ್ಟಿಲ್ಲ. ನಿಮ್ಮ ಪದ್ಧತಿಯನ್ನು ನಿಮ್ಮ ಮಗಳು ಮೊದಲ ದಿನವೇ ಮುರಿದಳು. ಮೇಲ್ಮೈಯನ್ನೇ ಮೊದಲು ಬ್ಲೇಡಿಗೆ ಕೊಟ್ಟು ಸಮ ಮಾಡಿದಳು, ಶಾಯಿ ಹೋಯಿತು, ಹೆಸರುಗಳು ಹೋದವು. ಕೆಳಮುಖವನ್ನು ತಿರುಚು ಸಹಿತ ಬಿಟ್ಟು, ಚೌಕಟ್ಟಿಗೆ ಕೂರದ ಕಡೆ ತೆಳ್ಳನೆಯ ಚಕ್ಕೆ ಕೊಟ್ಟಳು. ಮೂರು ಹಲಗೆಯ ಮೇಜು, ನಾಲ್ಕು ಜನ ಓದಬಹುದು. ಮೊಣಕೈ ಊರಿ ನೋಡಿದೆ, ಅಲುಗಲಿಲ್ಲ. ಅಡಿಯಲ್ಲಿ ನಿಮ್ಮ ಮೂರು ಸ್ವಾದ್ ಇವೆ. ಅವಳು ತನ್ನ ಗುರುತು ಹಾಕಲಿಲ್ಲ. ಯಾಕೆ ಎಂದೆ. ಕೆಳಮುಖ ಸರಿಯಿಲ್ಲವಲ್ಲ ಮೇಷ್ಟ್ರೇ, ಹೇಗೆ ಹಾಕಲಿ ಎಂದಳು.

ಬರುವ ಭಾನುವಾರ ವಾಚನಾಲಯದ ಸರ್ವಸದಸ್ಯರ ಸಭೆ. ಆ ಮೇಜನ್ನು ಅಲ್ಲಿಗೆ ಒಯ್ದು, ಕಾಲು ಮೇಲೆ ಮಾಡಿ, ಮಗುಚಿ ಇಡುತ್ತೇವೆ. ನಾಲ್ಕನೆಯ ಹಲಗೆಯನ್ನು ಪಕ್ಕಕ್ಕೆ ಒರಗಿಸಿ, ಇದರ ಗುರುತು ಅಳಿಸಿದವನು ನಾನು ಎಂದು ಎದ್ದು ನಿಂತು ಹೇಳುತ್ತೇನೆ. ಆಮೇಲೆ ಅವರು ಹೇಳಲಿ. ರಜೆಯ ದಿನ ಬೀಗ ತೆಗೆದವರು ಯಾರು? ಲಾರಿ ಕರೆಸಿದವರು ಯಾರು? ಎಂಟು ಮೇಜಿನ ಉಳಿದ ಹಲಗೆಗಳು ಎಲ್ಲಿ? ಇದಕ್ಕೆ ಉತ್ತರ ಲಕೋಟೆಯಲ್ಲಿ ನನ್ನ ಮನೆಗೆ ಬರುವುದು ಬೇಡ. ಮಗುಚಿದ ಆ ಮೇಜಿನ ಮುಂದೆ ನಿಂತು, ಚಂದಾ ಕೊಟ್ಟವರ, ಅದರ ಮೇಲೆ ಓದಿದವರ, ಅದರ ಕೆಳಗೆ ನೆಲ ಒರೆಸಿದವರ ಎದುರಿಗೆ, ಬಾಯಿಬಿಟ್ಟು ಹೇಳಲಿ.